ಒಂದೂ ಮೀನು ಹಿಡಿಯದ ಕಾಕಾ

ಕಾಕಾ ತೀರಿಕೊಂಡ ಮೇಲೆ, ಶಿವಗಣಾರಾಧನೆಯ ದಿನ, ನಿಲಂಗಾದ ನಮ್ಮ ಮಠದಲ್ಲಿ ಸಭೆ ಸೇರಿತ್ತು. ಮಾತಾಡಲು ಎದ್ದವರೆಲ್ಲ ಹೇಳಿದ್ದು ಒಂದೇ: ಇಂಥ ಸಾತ್ವಿಕ ಜೀವ ಮತ್ತೆ ಸಿಗದು, ಇಷ್ಟು ವರ್ಷ ಗಾಳ ಹಿಡಿದು ನೀರಿನಲ್ಲಿ ನಿಂತರೂ ಒಂದೇ ಒಂದು ಮೀನು ಹಿಡಿಯಲಿಲ್ಲ ಪುಣ್ಯಾತ್ಮ. ಹೇಳಿದವರು ಕಣ್ಣೊರೆಸಿಕೊಳ್ಳುವ ನೆಪದಲ್ಲಿ ಟವೆಲನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಕೇಳಿದವರು ನೆಪವನ್ನೂ ಹುಡುಕದೆ ನಕ್ಕರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂಬ ಮರ್ಯಾದೆ ನಮ್ಮೂರಿಗೆ ಗೊತ್ತು; ನಗಬಾರದು ಎಂದು ಯಾರೂ ಕಲಿಸಿಲ್ಲ. ನಾನು ಕಂಬಕ್ಕೊರಗಿ ಕೂತು ಹಲ್ಲು ಕಡಿಯುತ್ತಿದ್ದೆ. ಯಾಕೆಂದರೆ ಅವರು ಹೇಳುತ್ತಿದ್ದುದು ಸುಳ್ಳು ಎಂದು ನನಗೆ ಗೊತ್ತಿತ್ತು.

ಆ ಸಭೆ ಹೇಗೆ ಮುಗಿಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಕಾಕಾನ ಹೆಸರು ಮಾತ್ರ ಹೇಳುವುದಿಲ್ಲ. ಊರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಕನ್ನಡ ಎಲ್ಲಿ ಮುಗಿದು ಮರಾಠಿ ಎಲ್ಲಿ ಶುರುವಾಗುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಹಾಗೆಯೇ ಯಾರು ಯಾರಿಗೆ ಹೇಗೆ ಕಾಕಾ ಎಂದೂ ಕೇಳುವುದಿಲ್ಲ.

ಅವರದು ಅರಿವೆ ಅಂಗಡಿ. ಎದುರಿಗೇ ನನ್ನ ವಹಿ-ಪೆನ್ನಿನ ಅಂಗಡಿ. ಜೂನ್ ತಿಂಗಳು ಬಿಟ್ಟರೆ ನನಗೆ ಗಿರಾಕಿ ಕಡಿಮೆ, ಹಾಗಾಗಿ ವರ್ಷವೆಲ್ಲ ಕಾಕಾನನ್ನು ನೋಡುವುದೇ ನನ್ನ ಉದ್ಯೋಗವಾಗಿತ್ತು. ಎತ್ತರದ ಆಳು, ಒಣಗಿದ ಮೈ, ಬಿಳಿ ಧೋತರ, ತಲೆಗೆ ಬಿಳಿ ಟೋಪಿ, ಎದೆಯ ಮೇಲೆ ಬೆಳ್ಳಿ ಕರಡಿಗೆಯಲ್ಲಿ ಲಿಂಗ. ಮೂಗು ಇಡೀ ಮುಖಕ್ಕಿಂತ ಒಂದು ಹೆಜ್ಜೆ ಮುಂದೆ. ಗಿರಾಕಿ ಬಂದರೆ ಗಾದಿಯಿಂದ ಏಳುತ್ತಿರಲಿಲ್ಲ. ಕೂತಲ್ಲೇ ಹಿಂದಿನ ಕಪಾಟಿನಿಂದ ಸುತ್ತಿಟ್ಟ ಥಾನು ಎಳೆದು, ಅದರ ತುದಿ ಹಿಡಿದು ಒಮ್ಮೆ ಮಣಿಕಟ್ಟು ತಿರುಗಿಸಿದರೆ ಸಾಕು, ಬಟ್ಟೆ ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಹೋಗಿ ಗಿರಾಕಿಯ ಕಾಲ ಬೆರಳಿನ ಹತ್ತಿರ ಮೆಲ್ಲಗೆ ಇಳಿಯುತ್ತಿತ್ತು. ನಿಲಂಗಾದಲ್ಲಿ ಥಾನು ಬಿಚ್ಚುವವರು ಬೇಕಾದಷ್ಟು ಜನ ಇದ್ದಾರೆ, ಬಟ್ಟೆ ಸದ್ದಿಲ್ಲದೆ ಇಳಿಯುತ್ತಿದ್ದುದು ಕಾಕಾ ಒಬ್ಬರ ಕೈಯಲ್ಲಿ. ಬೇಕಿಲ್ಲದ ಸೀರೆಯನ್ನೂ ಹೆಂಗಸರು ಬಿಚ್ಚಿಸಿ ನೋಡುತ್ತಿದ್ದರು.

ಅಳೆಯುವಾಗ ಇನ್ನೊಂದು ಚಟ. ಲೋಹದ ಗಜದಿಂದ ಸರಿಯಾಗಿ ಅಳೆದ ಮೇಲೆ ಎಡಗೈಯ ನಾಲ್ಕು ಬೆರಳನ್ನು ಬಟ್ಟೆಯ ಮೇಲೆ ಅಡ್ಡ ಇಟ್ಟು, ಅದರಾಚೆಗೆ ಕತ್ತರಿ ಹಾಕುತ್ತಿದ್ದರು. "ಯಾಕ ಕಾಕಾ, ಅಂಗಡಿ ಮುಳುಗಸ್ತೀರೇನ್?" ಎಂದು ನಾನು ಕೇಳಿದರೆ, "ಅಳತಿ ಸರಕಾರದ್ದು, ನಾಕ ಬೆರಳ ನಂದು," ಅನ್ನುತ್ತಿದ್ದರು. ಆ ನಾಲ್ಕು ಬೆರಳಿಗಾಗಿ ಜನ ಶಿರೂರ ಅನಂತಪಾಳದಿಂದಲೂ ಬರುತ್ತಿದ್ದರು.

ಈ ಮನುಷ್ಯನಿಗೆ ಹುಚ್ಚು ಹಿಡಿದದ್ದು ರಾಮೇಶ್ವರದಲ್ಲಿ. ವ್ಯಾಪಾರಿಗಳೆಲ್ಲ ಬಸ್ಸು ಮಾಡಿಕೊಂಡು ಯಾತ್ರೆಗೆ ಹೋಗಿದ್ದೆವು. ಕಾಕು ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದರು. ಗುಡಿಯೊಳಗೆ ನಾವು ಬಾವಿಯಿಂದ ಬಾವಿಗೆ ಓಡಾಡಿ ತಲೆಯ ಮೇಲೆ ನೀರು ಸುರಿಸಿಕೊಳ್ಳುತ್ತಿರುವಾಗ ಕಾಕಾ ಕಾಣೆಯಾದರು. ಹುಡುಕುತ್ತ ಹುಡುಕುತ್ತ ಊರು ದಾಟಿ ಹೋದರೆ, ತೆರೆ ಇಲ್ಲದ ಒಂದು ಕಡಲ ದಂಡೆಯಲ್ಲಿ ಧೋತರ ಮೇಲೆ ಕಟ್ಟಿ ನಿಂತಿದ್ದರು. ಅಲ್ಲಿ ಸಮುದ್ರ ಬಹಳ ದೂರದವರೆಗೆ ಮೊಣಕಾಲುದ್ದ. ತಳದ ಮರಳು, ಸಣ್ಣ ಕಲ್ಲು ಎಲ್ಲ ಕಾಣುವಷ್ಟು ತಿಳಿ. ನೀರಿನ ನಡುವೆ ಟೊಪ್ಪಿಗೆ ಹಾಕಿದ ಒಬ್ಬ ಮುದುಕ ಉದ್ದನೆಯ ಕೋಲಿನಿಂದ ಹಗ್ಗದಂಥ ದಾರವನ್ನು ಹಿಂದೆ ಮುಂದೆ ಬೀಸುತ್ತಿದ್ದ. ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಂಡು ಹೋಗಿ ನೀರಿನ ಮೇಲೆ ಸದ್ದಿಲ್ಲದೆ ಮಲಗುತ್ತಿತ್ತು.

"ಅಂವಾ ಥಾನ ಬಿಚ್ಚಲತ್ತಾನ ನೋಡು," ಎಂದರು ಕಾಕಾ. ಅವರ ಬಾಯಿ ತೆರೆದೇ ಇತ್ತು.

ಆ ಮುದುಕ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದು ನಿವೃತ್ತನಾದವನು. ಅವನ ಹಿಂದಿ ಅಷ್ಟಕ್ಕಷ್ಟೇ, ಕಾಕಾನದು ಅದಕ್ಕಿಂತ ಕಡಿಮೆ, ಆದರೂ ಇಬ್ಬರೂ ಮಧ್ಯಾಹ್ನದವರೆಗೆ ಮಾತಾಡಿದರು. ನಾವು ಕಂಡ ಗಾಳದಲ್ಲಿ ಎರೆಹುಳ ಚುಚ್ಚಿ, ಸೀಸದ ಗುಂಡು ಕಟ್ಟಿ ಎಸೆಯುತ್ತಾರೆ. ಇದರಲ್ಲಿ ಹುಳವೂ ಇಲ್ಲ, ಗುಂಡೂ ಇಲ್ಲ. ತೂಕವೆಲ್ಲ ದಾರದ್ದೇ. ತುದಿಯ ಸಣ್ಣ ಕೊಕ್ಕೆಗೆ ಗರಿ, ನೂಲು ಸುತ್ತಿ ಸಿಗಡಿಯ ಹಾಗೆ ಕಾಣುವಂತೆ ಮಾಡಿರುತ್ತಾರೆ. ಉಬ್ಬರದ ನೀರಿನ ಜೊತೆ ದೊಡ್ಡ ಮೀನು ಆ ತೆಳು ನೀರಿಗೆ ಮೇಯಲು ಬರುತ್ತದೆ. ಮೊದಲು ಅದನ್ನು ಕಣ್ಣಿನಿಂದ ಹುಡುಕಬೇಕು, ಆಮೇಲೆ ಅದರ ಮೂತಿಯ ಮುಂದೆ ಗರಿ ಇಳಿಸಬೇಕು. ಸದ್ದಾದರೆ ಹೋಯಿತು, ನೆರಳು ಬಿದ್ದರೂ ಹೋಯಿತು. ಸಿಕ್ಕರೆ ನೋಡಿ ಬಿಟ್ಟುಬಿಡಬೇಕು. ಬಿಡುವುದೇ ಆಟದ ನಿಯಮವಂತೆ.

ಮುದುಕ ಕೋಲನ್ನು ಕಾಕಾನ ಕೈಗೆ ಕೊಟ್ಟ. ಕಾಕಾ ಎರಡು ಸಲ ತಮ್ಮ ಟೋಪಿಯನ್ನೇ ಹೊಡೆದುಕೊಂಡರು. ಆಮೇಲೆ ಏನು ಹೊಳೆಯಿತೋ, ಗಾದಿಯ ಮೇಲೆ ಕೂತವರ ಹಾಗೆ ಭುಜ ಸಡಿಲಬಿಟ್ಟು ಮಣಿಕಟ್ಟು ತಿರುಗಿಸಿದರು. ದಾರ ನೆಟ್ಟಗೆ ಹೋಗಿ ಮಲಗಿತು. ಎಲ್ಲಿ ಕಲಿತೆ ಎಂದು ಮುದುಕ ಬೆರಗಾಗಿ ಕೇಳಿದ. "ಕಪಡಾ," ಎಂದರು ಕಾಕಾ. ಮುದುಕನಿಗೆ ಅರ್ಥವಾದ ಹಾಗೆ ಕಾಣಲಿಲ್ಲ. ಪಾಪ ತೊಳೆಯಲು ಹೋದ ಆ ಬಸ್ಸಿನಲ್ಲಿ ಹೊಸ ಪಾಪವನ್ನು ಹೊತ್ತು ಬಂದವರು ಕಾಕಾ ಒಬ್ಬರೇ. ಉಳಿದವರೆಲ್ಲ ಹಳೆಯದನ್ನೇ ವಾಪಸ್ಸು ತಂದಿದ್ದರು.

ತಿಂಗಳೊಪ್ಪತ್ತಿನಲ್ಲಿ ಕಾಕಾನ ಅಂಗಡಿಗೆ ಕೊರಿಯರಿನಲ್ಲಿ ಒಂದು ಉದ್ದನೆಯ ಪೆಟ್ಟಿಗೆ ಬಂತು. ನಾಲ್ಕು ತುಂಡಿನ ಕೋಲು, ಸಿಕ್ಕಿಸಿದರೆ ಒಂದಾಗುವಂಥದ್ದು. ಸಮುದ್ರದಿಂದ ಇಷ್ಟು ದೂರ, ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ, ಕಾಕಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಜಾರಿನ ಓಣಿಯಲ್ಲಿ ನಿಂತು ಡಾಂಬರಿನ ಮೇಲೆ ಗಾಳ ಬೀಸತೊಡಗಿದರು. ಹಾಲಿನವರು ಸೈಕಲ್ ನಿಲ್ಲಿಸಿ ನೋಡಿದರು. ನಾಯಿಗಳು ಎರಡು ದಿನ ಬೊಗಳಿ ಸುಮ್ಮನಾದವು. ಒಂದು ದಿನ ಕೋರ್ಟಿಗೆ ಹೊರಟಿದ್ದ ವಕೀಲರೊಬ್ಬರ ಟೋಪಿ ಹಿಂದಿನಿಂದ ಎದ್ದು ಹಾರಿಹೋಯಿತು. ಕಾಕಾ ದಾರ ಎಳೆದು ಟೋಪಿಯನ್ನು ಕೈಗೆ ತಂದುಕೊಂಡು, ಧೂಳು ಕೊಡವಿ ಕೊಟ್ಟು, "ವಕೀಲಸಾಬ್, ಬಿಡೂದು ಆಟದ ನಿಯಮ ಅದರಿ," ಎಂದರು. ವಕೀಲರು ಅಂದಿನಿಂದ ಬೇರೆ ಓಣಿಯಿಂದ ಕೋರ್ಟಿಗೆ ಹೋದರು.

ರಜೆಯ ದಿನ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತೇರ್ನಾ ಆಣೆಕಟ್ಟಿನ ಹಿನ್ನೀರಿಗೆ ಒಯ್ಯುತ್ತಿದ್ದರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಹಿಂದೊಮ್ಮೆ ಯಾರದೋ ಜೋಳದ ಹೊಲವಾಗಿದ್ದ ನೆಲದ ಮೇಲೆ ಮೊಣಕಾಲುದ್ದ ಉಳಿಯುತ್ತದೆ. ಬದುಗಳು ಒಳಗೆ ಕಾಣುತ್ತವೆ. ಕಾಕಾ ಅದಕ್ಕೆ ನಮ್ಮ ರಾಮೇಶ್ವರ ಎಂದು ಹೆಸರಿಟ್ಟಿದ್ದರು. ನೀರಿನಲ್ಲಿ ಮೀನಿನ ನೆರಳು ಕಾಣುವವರೆಗೆ ಕಣ್ಣು ಮಿಟುಕಿಸದೆ ನಿಲ್ಲುತ್ತಿದ್ದರು. "ದಿನಾ ಅಂಗೈಯಾಗ ಲಿಂಗ ಹಿಡಕೊಂಡು ನೆಟ್ಟ ದೃಷ್ಟೀಲೆ ಕೂಡೂದು ಈಗ ಉಪಯೋಗಕ್ಕ ಬಂತು ನೋಡು, ತಮ್ಮಾ," ಎಂದರು ಒಮ್ಮೆ. ಪೂಜೆಗೆ ಇಂಥ ಫಲ ಹೇಳಿದ ಇನ್ನೊಬ್ಬ ಭಕ್ತನನ್ನು ನಾನು ಕಂಡಿಲ್ಲ.

ಅವರು ಮೀನು ಹಿಡಿಯುತ್ತಿದ್ದರು. ಇದನ್ನು ನಾನು ಯಾವ ಗುಡಿಯ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿರುತ್ತಿದ್ದರು, ಹಾಗಾಗಿ ಬಾಯಿಂದ ಸುಲಭವಾಗಿ ಕಳಚುತ್ತಿತ್ತು. ಹಿಡಿದ ಮೀನನ್ನು ನೀರಿನೊಳಗೇ ಇಟ್ಟುಕೊಂಡು, ಅದು ಸುಧಾರಿಸಿಕೊಳ್ಳುವವರೆಗೆ ಎರಡೂ ಕೈಯಲ್ಲಿ ಆನಿಸಿ ಹಿಡಿದು, ಬಿಟ್ಟುಬಿಡುತ್ತಿದ್ದರು. ಅಲ್ಲಿ ಬಲೆ ಹಾಕುವ ಭೋಯಿ ಮುದುಕನೊಬ್ಬ ಇದನ್ನು ನೋಡಿ ಉರಿದುಬಿದ್ದ. "ಶೇಟಜಿ, ತಿನ್ನಂಗಿದ್ರ ತಿನ್ರಿ, ಇಲ್ಲಂದ್ರ ಸುಮ್ಮ ಬಿಡ್ರಿ. ಕರದು ಕೂಡಿಸಿ ಊಟಾ ಇಲ್ಲದ ಕಳಸಿದಂಗ ಆಗ್ತದ ಅದಕ್ಕ," ಎಂದ. ಕಾಕಾ ಆ ದಿನ ಬೇಗನೆ ಗಾಳ ಸುತ್ತಿದರು.

ಕಾಕು ಹೆಚ್ಚು ಜಗಳವಾಡಲಿಲ್ಲ. ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಹಸಿರು ಸಾಬಾಣ ತಂದಿಟ್ಟರು. ಗಾಳಕ್ಕೆ ಹೋಗಿ ಬಂದ ಕೈಯನ್ನು ಅದರಲ್ಲಿ ಮೊಣಕೈವರೆಗೆ ತೊಳೆಯದೆ ಗಂಡ ಮನೆಯೊಳಗೆ ಬರುವ ಹಾಗಿಲ್ಲ. ಆ ಸಾಬಾಣವನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅದಕ್ಕೆ ಮೀನಿನ ಸಾಬಾಣ ಎಂದೇ ಹೆಸರಾಯಿತು. "ಕಾಕು, ಮೀನ ನೀರಾಗೇ ಇರ್ತದಲಾ, ಅದಕಿಂತ ತೊಳದದ್ದು ಯಾವದದ?" ಎಂದು ನಾನು ವಕಾಲತ್ತು ಮಾಡಿದೆ. "ಹಂಗಾರ ನೀನೂ ಅದೇ ಸಾಬಾಣಲೇ ತೊಳಕೊಂಡು ಒಳಗ ಬಾ," ಎಂದರು ಕಾಕು. ಚಹಾ ಬೇಕಾಗಿತ್ತು, ತೊಳೆದುಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ಎಲ್ಲ ಚೆನ್ನಾಗಿತ್ತು. ಕೆಟ್ಟದ್ದು ಗರಿಯಿಂದ. ಕೊಕ್ಕೆಗೆ ಸುತ್ತಲು ಹುಂಜದ ಕುತ್ತಿಗೆಯ ಗರಿಯಷ್ಟು ಒಳ್ಳೆಯದು ಇನ್ನೊಂದಿಲ್ಲವಂತೆ. ಅದು ಸಿಗುವುದು ಕೋಳಿ ಅಂಗಡಿಯಲ್ಲಿ. ಲಿಂಗ ಕಟ್ಟಿದ ಅರಿವೆ ವ್ಯಾಪಾರಿ ನಿಲಂಗಾದ ಕೋಳಿ ಅಂಗಡಿಯ ಮುಂದೆ ನಿಲ್ಲುವುದು ಹೇಗೆ? ಕಾಕಾ ಉಪಾಯ ಮಾಡಿ ಉದಗೀರಕ್ಕೆ ಹೋದರು. ಇದು ನಮ್ಮ ಜನ ಮಾತ್ರ ಮಾಡುವ ತಪ್ಪು. ನಿಲಂಗಾದವರು, ಉಮರ್ಗಾದವರು, ವಲಾಂಡಿಯವರು, ಎಲ್ಲರೂ ಕದ್ದು ಮಾಡುವುದನ್ನು ಮಾಡಲು ಉದಗೀರಕ್ಕೇ ಹೋಗುತ್ತಾರೆ. ಹಾಗಾಗಿ ಅಲ್ಲಿನ ಕೆಲವು ಓಣಿಗಳಲ್ಲಿ ನಮ್ಮವರ ಭೇಟಿ ಆಗುವಷ್ಟು ಮದುವೆ ಮನೆಯಲ್ಲೂ ಆಗುವುದಿಲ್ಲ. ಕಾಕಾ ಕೋಳಿ ಅಂಗಡಿಯಿಂದ ಕಪ್ಪು ಪ್ಲಾಸ್ಟಿಕ್ ಚೀಲ ಹಿಡಿದು ಇಳಿಯುತ್ತಿರುವಾಗ ಉಮರ್ಗಾದ ಅಡತಿ ಶೇಟ್ರು ಎದುರಿಗೆ ಬಂದರು.

ಅಡತಿ ಶೇಟ್ರು ಎಂದರೆ ರೈತರ ಧಾನ್ಯವನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿಯವರು, ಊರು ಬೇರೆಯಾದರೂ ನಮ್ಮ ಮಠದ ಪಂಚರ ಮುಖ್ಯಸ್ಥರು. ದನಿ ದೊಡ್ಡದು, ಹಣೆಯ ವಿಭೂತಿ ಅದಕ್ಕಿಂತ ದೊಡ್ಡದು. ಅವರು ಚೀಲವನ್ನು ನೋಡಿದರು, ಕರಡಿಗೆಯನ್ನು ನೋಡಿದರು, ಶಿವ ಶಿವಾ ಎಂದು ಮುಂದೆ ನಡೆದರು. ನೀವು ಆ ಓಣಿಗೆ ಯಾಕೆ ಬಂದಿದ್ದಿರಿ ಎಂದು ಅವರನ್ನು ಯಾಕೆ ಕೇಳಲಿಲ್ಲ ಎಂದು ನಾನು ಕಾಕಾನನ್ನು ದಬಾಯಿಸಿದೆ. "ಕೇಳಿದ್ರ ಇಬ್ಬರದೂ ಹೋಗ್ತಿತ್ತು. ಈಗ ನಂದೊಂದೇ ಹೋತು," ಎಂದರು.

ಹೋಗುವುದೆಂದರೆ ಏನು ಹೋಗುವುದು ಎಂದು ಹೇಳಬೇಕು. ಶ್ರಾವಣದ ಮೂರನೆಯ ಸೋಮವಾರ ಮಠದ ದಾಸೋಹ ಕಾಕಾನ ಮನೆತನದ್ದು. ಅಜ್ಜನ ಕಾಲದಿಂದ ಬಂದದ್ದು. ಅಂದು ಮನೆಯ ಯಜಮಾನ ದೊಡ್ಡ ಹಿತ್ತಾಳೆ ಸೌಟು ಹಿಡಿದು, ಪಂಕ್ತಿಯಲ್ಲಿ ಕೂತ ಪ್ರತಿಯೊಬ್ಬರಿಗೂ ತನ್ನ ಕೈಯಿಂದಲೇ ಗೋಧಿ ಹುಗ್ಗಿ ನೀಡಬೇಕು. ಆ ಸೌಟು ವರ್ಷವೆಲ್ಲ ಕಾಕಾನ ದೇವರ ಕೋಣೆಯ ಗೂಟಕ್ಕೆ ತೂಗುತ್ತಿತ್ತು. ಕಾಕಾನಿಗೆ ಮಕ್ಕಳಿಲ್ಲ, ಹೊಲ ಇಲ್ಲ, ಅಂಗಡಿಯಲ್ಲಿ ನಾಲ್ಕು ಬೆರಳಿನ ಖರ್ಚು ಬೇರೆ. ಅವರಿಗೆ ಇದ್ದ ದೊಡ್ಡಸ್ತಿಕೆಯೆಂದರೆ ಆ ಒಂದು ದಿನ, ಆ ಒಂದು ಸೌಟು. ಹುಗ್ಗಿ ನೀಡುವಾಗಲೂ ಸಾಕು ಸಾಕು ಎಂದ ಮೇಲೆ ಇನ್ನೊಂದಿಷ್ಟು ಹಾಕುತ್ತಿದ್ದರು.

ಪಂಚರು ಮಠದಲ್ಲಿ ಕೂತರು. ಮೀನು, ಕೋಳಿ ಮುಟ್ಟುವ ಕೈಯಿಂದ ನಾವು ಪ್ರಸಾದ ಹೇಗೆ ತಗೊಳ್ಳೂದು ಎಂದರು ಅಡತಿ ಶೇಟ್ರು. ಕಾಕಾ ಕಪ್ಪು ಚೀಲವನ್ನೇ ತಂದಿದ್ದರು. ಅದರೊಳಗಿನ ಗರಿಯನ್ನು ಜಮಖಾನೆಯ ಮೇಲೆ ಸುರಿದು, "ನಾ ತಿಂದಿಲ್ಲರೀ. ಹಿಡೀತೀನಿ, ಬಿಡ್ತೀನಿ," ಎಂದರು. ಆಗ ನಡೆದ ಚರ್ಚೆಯನ್ನು ನಾನು ಮರೆಯಲಾರೆ. ತಿಂದಿದ್ದರೆ ಪಾಪ ಎಂಬುದರಲ್ಲಿ ಎಲ್ಲರೂ ಒಂದೇ. ಆದರೆ ಹಿಡಿದು ತಿನ್ನದೆ ಬಿಡುತ್ತಾನೆಂದರೆ ನಂಬುವುದು ಹೇಗೆ? ತಿನ್ನದವನು ಯಾಕೆ ಹಿಡಿಯುತ್ತಾನೆ? ತಿಂದರೆ ಪಾಪಿ, ತಿನ್ನದಿದ್ದರೆ ಸುಳ್ಳ. ಮೂರನೆಯ ದಾರಿ ಅವರಿಗೆ ತೋಚಲಿಲ್ಲ. ಕೊನೆಗೆ ಕಾಕಾನೇ, "ಬಂದು ನೋಡ್ರಿ. ನಿಮ್ಮೆಲ್ಲಾರ ಮುಂದ ಹಿಡದು ಬಿಟ್ಟ ತೋರಸ್ತೀನಿ," ಎಂದರು.

ಒಂದು ಬೇಸಿಗೆಯ ಬೆಳಿಗ್ಗೆ ಟೆಂಪೋ ಮಾಡಿಕೊಂಡು ಇಡೀ ಪಂಚಾಯ್ತಿ ತೇರ್ನಾ ಹಿನ್ನೀರಿಗೆ ಬಂತು. ಮಠದ ಅಪ್ಪಾವ್ರೂ ಬಂದರು. ವಯಸ್ಸು ಚಿಕ್ಕದು, ಪೀಠಕ್ಕೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಕಾವಿ ಬಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿದ್ದರು. ದಂಡೆಯ ಜಾಲಿ ಗಿಡದ ಕೆಳಗೆ ತಾಡಪತ್ರಿ ಹಾಸಿ, ಚುರುಮುರಿ ಸುಸಲಾ, ಮಿರ್ಚಿ ಭಜಿ ಬಿಚ್ಚಿದರು. ನ್ಯಾಯ ಮಾಡಲು ಬಂದವರು ತಿನ್ನುವುದರಲ್ಲಿ ಮುಳುಗಿದರು. ಕಾಕಾ ನೀರಿಗೆ ಇಳಿದರು. ಅವರ ಟೋಪಿ, ಚಪ್ಪಲಿ ಹಿಡಿದು ನಾನು ಹಿಂದೆ ನಿಂತೆ.

ಅಂದು ಮೀನುಗಳಿಗೆ ಯಾರು ಸುದ್ದಿ ಕೊಟ್ಟಿದ್ದರೋ ಏನೋ. ಕಾಕಾ ಬೀಸಿದರು, ಬೀಸಿದರು. ಅಷ್ಟು ಚಂದದ ಬೀಸು ನಾನು ಮತ್ತೆ ನೋಡಿಲ್ಲ. ನೆರಳು ಕಾಣುತ್ತಿತ್ತು, ಗರಿಯ ಹತ್ತಿರ ಬರುತ್ತಿತ್ತು, ಮೂಸಿ ಹೋಗುತ್ತಿತ್ತು. ದಂಡೆಯ ಮೇಲೆ ಮೊದಲು ಕೆಮ್ಮಿದರು, ಆಮೇಲೆ ಕಿಸಕ್ಕೆಂದರು, ಆಮೇಲೆ ಬಾಯಿಬಿಟ್ಟು ನಕ್ಕರು. "ಕಾಕಾ, ಬೀಗರ ಮನೀಗಿ ಕರೀಲಿಕ್ಕ ಹೋದಂಗ ಮಾಡಬ್ಯಾಡ್ರಿ, ಗಟ್ಟ್ಯಾಗಿ ಕರೀರಿ!" ಎಂದು ಯಾರೋ ಕೂಗಿದರು. ಬಿಸಿಲು ನೆತ್ತಿಗೆ ಬಂತು. ಅಡತಿ ಶೇಟ್ರಿಗೇ ಕನಿಕರ ಬಂತು. "ಪಾಪ, ಇಂವಗ ಹಿಡೀಲಿಕ್ಕೇ ಬರೂದಿಲ್ಲಲ್ರೀ. ಹಿಡೀಲಾರದಂವ ತಿಂತಾನ ಎಲ್ಲಿಂದ?" ಎಂದರು. ಎಲ್ಲರೂ ಹೌದೌದು ಎಂದರು. ಅಪ್ಪಾವ್ರು ಎದ್ದು ನಿಂತು ತೀರ್ಪು ಹೇಳಿದರು: "ಇವರ ಕೈ ಮೀನಿಗಿ ಮುಟ್ಟಿಲ್ಲ. ಎಲ್ಲಾರೂ ನೋಡ್ಯಾರ. ಸೌಟ ಇವರದೇ."

ಆ ಮಾತು ಮುಗಿದು ಇನ್ನೂ ಉಸಿರು ಎಳೆದುಕೊಂಡಿರಲಿಲ್ಲ, ಕಾಕಾನ ದಾರ ಬಿಗಿಯಿತು. ಕೋಲು ಕಮಾನಾಗಿ ಬಾಗಿತು. ನೀರಿನಲ್ಲಿ ಒಂದು ದೊಡ್ಡ ಕಪ್ಪು ಬೆನ್ನು ಹೊರಳಿದ್ದನ್ನು ನಾನು ಕಂಡೆ. ಅಂಥದ್ದು ಆ ಹಿನ್ನೀರಿನಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. "ಕಾಕಾ!" ಎಂದೆ. ತೀರ್ಪು ಮುಗಿಯಿತೆಂದು ಪಂಚರು ಆಗಲೇ ಭಜಿಯ ಕಡೆಗೆ ತಿರುಗಿದ್ದರು. ಅದನ್ನು ಎತ್ತಿದರೆ ದಂಡೆಯ ನಗು ಅಲ್ಲಿಯೇ ನಿಲ್ಲುತ್ತಿತ್ತು. ಎತ್ತಿದರೆ ಕೈ ಮೀನಿಗೆ ಮುಟ್ಟುತ್ತಿತ್ತು, ಸೌಟು ಹೋಗುತ್ತಿತ್ತು. ಕಾಕಾ ಒಂದು ಗಳಿಗೆ ಹಾಗೆಯೇ ನಿಂತರು. ಆಮೇಲೆ ಕೋಲಿನ ತುದಿಯನ್ನು ನೀರಿಗೆ ತಗ್ಗಿಸಿ ದಾರ ಸಡಿಲ ಬಿಟ್ಟರು. ಮುಳ್ಳಿಲ್ಲದ ಕೊಕ್ಕೆ ಕಳಚಿಕೊಂಡಿತು. "ನೀ ಏನೂ ನೋಡಿಲ್ಲ," ಎಂದು ನನಗೆ ಮೆಲ್ಲಗೆ ಹೇಳಿ, ಖಾಲಿ ದಾರ ಸುತ್ತುತ್ತ ದಂಡೆಗೆ ನಡೆದರು. ಅಡತಿ ಶೇಟ್ರು ಬೆನ್ನು ತಟ್ಟಿ ಮಿರ್ಚಿ ಭಜಿ ಕೊಟ್ಟರು. ಅಪ್ಪಾವ್ರ ಕಪ್ಪು ಕನ್ನಡಕ ಮಾತ್ರ ನೀರಿನ ಕಡೆಗೇ ತಿರುಗಿತ್ತು. ಒಳಗೆ ಕಣ್ಣು ತೆರೆದಿದ್ದವೋ ಮುಚ್ಚಿದ್ದವೋ ನನಗೆ ಹೇಗೆ ಗೊತ್ತಾಗಬೇಕು.

ಅಲ್ಲಿಂದ ಶುರುವಾಯಿತು. ಕಾಕಾ ಬಸ್ ಸ್ಟ್ಯಾಂಡಿಗೆ ಹೋದರೆ, "ಏನ್ರಿ ಕಾಕಾ, ಇವತ್ತರ ಸಿಕ್ತೇನು?" ಮದುವೆಗೆ ಹೋದರೆ, "ಕಾಕಾಗ ಹೋಳ ಇಲ್ಲದ ಸಾರ ಹಾಕ್ರಿ, ಹಿಡೀಲಿಕ್ಕ ಬರೂದಿಲ್ಲ ಅವರಿಗಿ." ಯಾರದಾದರೂ ಕೆಲಸ ಕೆಟ್ಟರೆ ಕಾಕಾನ ಗಾಳ ಆಯಿತು ಎನ್ನುವ ಮಾತು ವಲಾಂಡಿಯವರೆಗೂ ಹೋಯಿತು. ಕಾಕಾ ಎಲ್ಲದಕ್ಕೂ, "ಇಲ್ಲರೀ, ಒಂದೂ ಸಿಗೂದಿಲ್ಲ," ಎಂದು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಥಾನು ಬಿಚ್ಚುವ ಕೈಯ ಬಗ್ಗೆ ಯಾರಾದರೂ ಒಂದು ಮಾತು ಆಡಿದ್ದರೆ ಕಾಕಾ ಗಜ ಎತ್ತುತ್ತಿದ್ದರು. ಗಾಳದ ಕೈಯ ಬಗ್ಗೆ ಊರೆಲ್ಲ ಆಡಿಕೊಂಡರೂ ನುಂಗಿಕೊಂಡರು. ಶ್ರಾವಣದ ಮೂರನೆಯ ಸೋಮವಾರ ಸೌಟು ಹಿಡಿದು ಪಂಕ್ತಿಯ ನಡುವೆ ನಡೆಯುವಾಗ ಮಾತ್ರ ಅವರ ಮೂಗು ಮೊದಲಿನ ಹಾಗೇ ಮುಂದಿರುತ್ತಿತ್ತು.

ಅದೇ ವರ್ಷ ಚಳಿಗಾಲದಲ್ಲಿ ಕಾಕಾ ಕಾಕುವನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋದರು. ಹಿಂದಿನ ಸಲ ತಪ್ಪಿದ್ದಕ್ಕೆ ಕಾಕು ಹಂಗಿಸದ ದಿನವಿರಲಿಲ್ಲ. ಮುದುಕನಿಗೆ ಬುದ್ಧಿ ಬಂತು, ಪ್ರಾಯಶ್ಚಿತ್ತಕ್ಕೆ ಹೊರಟ ಎಂದು ಊರು ಮೆಚ್ಚಿತು. ಹೊರಡುವ ಹಿಂದಿನ ದಿನ ಕಾಕಾ ಅಂಗಡಿಯಲ್ಲಿ ಒಂದು ಷರ್ಟಿನ ಥಾನು ಬಿಚ್ಚಿ, ಕೋಲಿನ ನಾಲ್ಕು ತುಂಡು ಅದರೊಳಗಿಟ್ಟು ಮತ್ತೆ ಸುತ್ತುತ್ತಿದ್ದುದನ್ನು ನಾನು ಈ ಕಡೆಯಿಂದ ನೋಡಿದೆ. ಅವರೂ ನನ್ನನ್ನು ನೋಡಿದರು. "ಅಲ್ಲಿ ಗುಡಿಗಿ ಅರಿವಿ ಕೊಡಬೇಕು," ಎಂದರು. ನಾನು ಕೈ ಮುಗಿದೆ.

ಹದಿನೈದು ದಿನಕ್ಕೆ ಮರಳಿ ಬಂದರು. ಇಬ್ಬರ ಪಾದಗಳೂ ಬಿಸಿಲಿಗೆ ಸುಟ್ಟು ಕಪ್ಪಾಗಿದ್ದವು. ಏನಾಯಿತು ಎಂದು ನಾನು ಎಷ್ಟು ಕೆದಕಿದರೂ ಕಾಕಾ, "ಸಮುದ್ರ ಛಲೋ ಅದ," ಎಂಬುದನ್ನು ಬಿಟ್ಟು ಬೇರೆ ಹೇಳಲಿಲ್ಲ. ಕಾಕುವನ್ನು ಕೇಳಿದರೆ, "ದರ್ಶನ ಆತು," ಎಂದರು. ಒಂದು ಬದಲಾವಣೆ ಮಾತ್ರ ನನ್ನ ಕಣ್ಣಿಗೆ ಬಿತ್ತು. ಹಿತ್ತಲ ಕಲ್ಲಿನ ಮೇಲೆ ಮೀನಿನ ಸಾಬಾಣ ಇರಲಿಲ್ಲ. ಕಾಕಾ ತೇರ್ನಾದಿಂದ ಬಂದು ಎಲ್ಲರ ಸಾಬಾಣದಲ್ಲೇ ಕೈ ತೊಳೆದು ಒಳಗೆ ಹೋಗುತ್ತಿದ್ದರು. ಕಾಕುಗೆ ಸಾಬಾಣ ಕಾಯ್ದು ಬೇಜಾರಾಗಿರಬೇಕು ಎಂದುಕೊಂಡೆ.

ಹೀಗೇ ವರ್ಷಗಳು ಹೋದವು. ಕಳೆದ ತಿಂಗಳು ಕಾಕಾ ಮಧ್ಯಾಹ್ನ ಊಟ ಮಾಡಿ ಬಂದು ಅಂಗಡಿಯ ಗಾದಿಯ ಮೇಲೆ ಒರಗಿದವರು ಏಳಲಿಲ್ಲ. ಮುಂದೆ ಅರ್ಧ ಬಿಚ್ಚಿದ ಥಾನು ಹಾಗೇ ಬಿದ್ದಿತ್ತು. ಓಡಿ ಹೋದವನು ಮೊದಲು ನಾನೇ. ಕೈ ಇನ್ನೂ ಬೆಚ್ಚಗಿತ್ತು. ಎದುರಿನ ಅಂಗಡಿ ಈಗ ಮುಚ್ಚಿದೆ, ನನಗೆ ದಿನವೆಲ್ಲ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ.

ಈಗ ಸಭೆಗೆ ಬರೋಣ. ಎಲ್ಲರ ಭಾಷಣ, ಎಲ್ಲರ ನಗು ಮುಗಿದ ಮೇಲೆ ಅಡತಿ ಶೇಟ್ರು ಎದ್ದರು. ಅವರದು ಕೆಟ್ಟ ಮನಸ್ಸಲ್ಲ, ದೊಡ್ಡ ದನಿ ಅಷ್ಟೇ. ಪಂಚರ ಪರವಾಗಿ ಅವರು ಸಾರಿದರು: ಕಾಕಾಗೆ ಮಕ್ಕಳಿಲ್ಲದಿದ್ದರೂ ಶ್ರಾವಣದ ದಾಸೋಹ ಆ ಮನೆಯದೇ, ಇನ್ನು ಮುಂದೆ ಸೌಟು ಕಾಕು ಹಿಡಿಯಲಿ. ಇಂಥದ್ದು ನಮ್ಮ ಮಠದಲ್ಲಿ ಹಿಂದೆ ಆಗಿರಲಿಲ್ಲ. "ಯಾಕಂದ್ರ ಆ ಮನಿ ಕೈ ಶುದ್ಧ ಅದ. ಜನ್ಮದಾಗ ಒಂದ ಮೀನ ಮುಟ್ಟಿಲ್ಲ. ಮುಟ್ಟಬೇಕಂದ್ರೂ ಸಿಗಲಿಲ್ಲ, ಪಾಪ!" ಎಂದರು. ಸಭೆ ಮತ್ತೊಮ್ಮೆ ನಕ್ಕಿತು.

ಹೆಂಗಸರ ಸಾಲಿನಲ್ಲಿ ಕಾಕು ಎದ್ದು ನಿಂತರು. ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡರು.

"ನಗೂದು ಆತೇನ್ರಿ ಎಲ್ಲಾರ್ದು?" ಎಂದರು. "ಹಿಡದಿದ್ರು ಅವರು. ರಾಮೇಶ್ವರದಾಗ ಹಿಡದಿದ್ರು. ನಾ ಬಾಜೂಕೇ ನೀರಾಗ ನಿಂತಿದ್ದೆ. ಮೊದಲ ಕಂಡದ್ದು ನನಗ. ರೀ, ಅಗೋ ಅಲ್ಲಿ ನೆಳ್ಳ ಹೊಂಟದ ಅಂತ ನಾನೇ ತೋರಿಸ್ದೆ. ಎಷ್ಟ ಮೆತ್ತಗ ಒಗದ್ರು ಅಂದ್ರ, ನೀರಿಗೇ ಗೊತ್ತಾಗಲಿಲ್ಲ. ಅದು ದಾರ ಎಲ್ಲಾ ಎಳಕೊಂಡು ಅರ್ಧಾ ಸಮುದ್ರ ಓಡಿತು. ಇವರು ಹುಚ್ಚರಂಗ ನಗಲತ್ತಿದ್ರು. ಹತ್ರ ತಂದು, ಎರಡೂ ಕೈಲೇ ಹಿಡದು, ಮುಟ್ಟು ಅಂದ್ರು. ಮುಟ್ಟದೆ. ಹೊಸಾ ರೇಷ್ಮಿ ಸೀರಿ ಮುಟ್ಟಿದಂಗ ಇತ್ತು. ಬಿಡ್ರಿ, ಅದರ ಮನ್ಯಾಗ ದಾರಿ ಕಾಯ್ತಿರ್ತಾರ ಅಂದೆ. ಬಿಟ್ರು."

ಬಾಯಿಗೆ ಟವೆಲು ಒತ್ತಿಕೊಂಡಿದ್ದವರು ಅದನ್ನು ಕೆಳಗಿಳಿಸಿದರು. ಕಾಕು ಮುಂದುವರಿಸಿದರು.

"ಊರಾಗ ಹೇಳಬ್ಯಾಡ ಅಂದ್ರು. ಸೌಟ ಹೋಗ್ತದ ಅಂದ್ರು. ಅದಕ್ಕ ಬಾಯಿ ಮುಚಕೊಂಡಿದ್ದೆ. ಅದಾದ ಮ್ಯಾಲ ಪ್ರತಿ ಶ್ರಾವಣದಾಗ ಇದೇ ಕೈಲೇ ನಾ ಹುಗ್ಗಿ ತಿರುವೀನಿ, ಅದೇ ಕೈಲೇ ಅವರು ನೀಡ್ಯಾರ. ನೀವು ಎಲ್ಲಾರೂ ಮತ್ತ ಮತ್ತ ಹಾಕಿಸ್ಕೊಂಡು ಉಂಡೀರಿ. ಈಗ ಸೌಟ ಬೇಕಂದ್ರ ಬಂದು ಒಯ್ರಿ, ಗೂಟಕ್ಕ ಅದ. ಆದ್ರ ಅವರಿಗಿ ಹಿಡೀಲಿಕ್ಕ ಬರ್ತಿದ್ದಿಲ್ಲ ಅಂತ ಇನ್ನೊಮ್ಮೆ ಯಾರೂ ಅನಬ್ಯಾಡ್ರಿ."

ಅಡತಿ ಶೇಟ್ರು ಬಾಯಿ ತೆರೆದರು. ಗದ್ದುಗೆಯ ಮೇಲಿದ್ದ ಅಪ್ಪಾವ್ರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಕಾಕುವಿನ ಕಡೆಗೆ ಸ್ವಲ್ಪ ಮುಂದೆ ಬಾಗಿದರು. ಏನು ಹೇಳುತ್ತಾರೋ ಎಂದು ನಾನು ಕಂಬ ಬಿಟ್ಟು ನೆಟ್ಟಗೆ ಕೂತೆ.

"ಎಷ್ಟ ಉದ್ದ ಇತ್ತವ್ವಾ?" ಎಂದು ಕೇಳಿದರು ಅಪ್ಪಾವ್ರು.

ಕಾಕು ಎರಡೂ ಕೈ ಅಗಲಿಸಿ ತೋರಿಸಿದರು. ಅಷ್ಟು ಉದ್ದದ ಮೀನು ಮೊಣಕಾಲು ನೀರಿನಲ್ಲಿ ಈಜಬೇಕೆಂದರೆ ಬೆನ್ನನ್ನು ಬಿಸಿಲಿಗೆ ಇಟ್ಟುಕೊಂಡೇ ಈಜಬೇಕು. ಕಾಕು ತಮ್ಮ ಎರಡು ಕೈಗಳ ನಡುವಿನ ಅಳತೆಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಎಡಗೈಯನ್ನು ನಾಲ್ಕು ಬೆರಳಿನಷ್ಟು ಆಚೆಗೆ ಸರಿಸಿದರು.